ದಿವಾನ್ ರಂಗಾಚಾರ್ಲು ಮತ್ತು ಮೈಸೂರಿನ ಪ್ರಜಾಪ್ರತಿನಿಧಿ ಸಭೆ

ಶ್ರೀಮಠದ ಆಶ್ರಯದಲ್ಲಿ ನಡೆಯುವ ನಮ್ಮ ಶಾಲೆಯ ವಾರ್ಷಿಕ ಸಭೆಯಲ್ಲಿ ಒಂದು ಸಂಪ್ರದಾಯವುಂಟು. ಪ್ರಾರ್ಥನೆ, ಸ್ವಾಗತಗಳು ಮುಗಿದ ಮೇಲೆ ಕಾರ್ಯದರ್ಶಿಗಳು ಎದ್ದುನಿಂತು ವರ್ಷದ ಜಮಾ-ಖರ್ಚನ್ನು ಓದುತ್ತಾರೆ. ಒಂದು ಮೂಟೆ ಅಕ್ಕಿಯನ್ನು ಕೊಟ್ಟ ರೈತನೂ, ಒಂದು ಕೊಠಡಿಯನ್ನೇ ಕಟ್ಟಿಸಿಕೊಟ್ಟ ವರ್ತಕನೂ ಒಂದೇ ಜಮಖಾನದ ಮೇಲೆ ಕುಳಿತು ಅದನ್ನು ಕೇಳುತ್ತಾರೆ. ಸಂದೇಹ ಬಂದರೆ ಪ್ರಶ್ನಿಸುತ್ತಾರೆ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕುಂಟು, ಪಡೆದವನಿಗೆ ಲೆಕ್ಕ ಹೇಳುವ ಋಣವುಂಟು ಎಂಬುದು ಇಂದು ನಮಗೆ ಸಹಜವಾದ ಮಾತು. ಆದರೆ ಕಂದಾಯ ಕೊಡುವ ಪ್ರಜೆಗೂ ಅದನ್ನು ವಸೂಲು ಮಾಡುವ ಸರ್ಕಾರಕ್ಕೂ ಇಂಥದೇ ಸಂಬಂಧವಿರಬೇಕೆಂಬ ಭಾವನೆ ನಮ್ಮ ನಾಡಿನಲ್ಲಿ ಬೇರೂರಿದ್ದು ಬಹಳ ಹಿಂದೇನೂ ಅಲ್ಲ. ಆ ಬೀಜವನ್ನು ಮೈಸೂರಿನ ಮಣ್ಣಿನಲ್ಲಿ ಬಿತ್ತಿದ ದಿವಾನ್ ರಂಗಾಚಾರ್ಲು ಅವರ ಜೀವನವನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ರಂಗಾಚಾರ್ಲು ಅವರು ಹುಟ್ಟಿದ್ದು 1831ರಲ್ಲಿ. ನಮ್ಮ ಎಣಿಕೆಯಲ್ಲಿ ಖರ ಸಂವತ್ಸರ. ಮೈಸೂರಿನ ಅರಸರ ಕೈಯಿಂದ ರಾಜ್ಯಭಾರ ತಪ್ಪಿಹೋದದ್ದೂ ಅದೇ ವರ್ಷ. ನಗರ ಪ್ರಾಂತದ ರೈತರು ಕಂದಾಯದ ಭಾರವನ್ನೂ ಅಧಿಕಾರಿಗಳ ಕಿರುಕುಳವನ್ನೂ ತಾಳಲಾರದೆ 1830ರಲ್ಲಿ ಊರೂರುಗಳಲ್ಲಿ ಕೂಟ ಸೇರಿದರು. ಕೂಟವೆಂದರೆ ದೂರು ಹೇಳಿಕೊಳ್ಳಲು ರೈತರು ತಾವಾಗಿಯೇ ನೆರೆಯುವ ಸಭೆ. ಅವರಲ್ಲಿ ನಮ್ಮ ವೀರಶೈವ ಒಕ್ಕಲುಮಕ್ಕಳು ಬಹು ಸಂಖ್ಯೆಯಲ್ಲಿದ್ದರು. ಅವರ ಮಾತನ್ನು ಕಾಲದಲ್ಲಿ ಕೇಳುವವರಿಲ್ಲದೆ ಕೂಟವು ದಂಗೆಯಾಯಿತು. ದಂಗೆಯನ್ನಡಗಿಸಲು ಸೈನ್ಯ ಬಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಅಧಿಕಾರವನ್ನು ಇಂಗ್ಲಿಷರು ತಮ್ಮ ವಶಕ್ಕೆ ತೆಗೆದುಕೊಂಡರು. ಮುಂದೆ ಐವತ್ತು ವರ್ಷಗಳ ಕಾಲ ಕಮಿಷನರುಗಳ ಆಳ್ವಿಕೆ ನಡೆಯಿತು. ಪ್ರಜೆಯ ದೂರು ಅರಸನ ಕಿವಿಗೆ ಮುಟ್ಟುವ ದಾರಿಯಿಲ್ಲದಿದ್ದರೆ ಸಿಂಹಾಸನವೇ ಅಲುಗಾಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆ ದಾರಿಯನ್ನು ಕಟ್ಟಲಿದ್ದ ಶಿಶು ಅದೇ ಸಂವತ್ಸರದಲ್ಲಿ ದೂರದ ತಮಿಳುನಾಡಿನಲ್ಲಿ ಜನಿಸಿದ್ದು ಕಾಲದ ವಿಚಿತ್ರ ಗತಿ.

ಅವರ ಜನ್ಮಸ್ಥಳ ಚೆಂಗಲ್ಪಟ್ಟು ಜಿಲ್ಲೆ. ಮನೆತನ ಶ್ರೀವೈಷ್ಣವ ಬ್ರಾಹ್ಮಣರದು. ವಿದ್ಯಾಭ್ಯಾಸ ಮದರಾಸಿನಲ್ಲಿ ನಡೆಯಿತು. ವಿಶ್ವವಿದ್ಯಾನಿಲಯಗಳು ಇನ್ನೂ ಸ್ಥಾಪಿತವಾಗಿರದಿದ್ದ ಆ ಕಾಲದಲ್ಲಿ ಇಂಗ್ಲಿಷ್ ಕಲಿತ ತರುಣರು ವಿರಳ. ರಂಗಾಚಾರ್ಲು ಅವರು ಕಲೆಕ್ಟರ ಕಚೇರಿಯ ಗುಮಾಸ್ತೆಯಾಗಿ ಸರ್ಕಾರಿ ಕೆಲಸಕ್ಕೆ ಸೇರಿ ಸ್ವಸಾಮರ್ಥ್ಯದಿಂದಲೇ ಮೇಲೇರಿದರು. ಇನಾಂ ಜಮೀನುಗಳ ಹಕ್ಕುಗಳನ್ನು ವಿಚಾರಿಸುವ ಇನಾಂ ಕಮಿಷನ್ನಿನಲ್ಲಿ ದುಡಿದರು. ಕಲ್ಲಿಕೋಟೆಯಲ್ಲಿ ಖಜಾನೆಯ ಡೆಪ್ಯುಟಿ ಕಲೆಕ್ಟರಾಗಿದ್ದರು. ಕಂದಾಯ ಇಲಾಖೆಯಲ್ಲಿ ಹೊಟ್ಟೆಹೊರೆಯುವ ಎಷ್ಟೋ ಜನ ಅಲ್ಲಿನ ಲಂಚಕೋರತನವನ್ನು ಕಂಡೂ ಕಾಣದಂತಿರುವುದು ಲೋಕರೂಢಿ. ಇವರಾದರೋ ಕಿರಿಯ ವಯಸ್ಸಿನಲ್ಲಿಯೇ ಆ ಪಿಡುಗಿನ ವಿಷಯವಾಗಿ ಲೇಖನವನ್ನು ಬರೆದು ಪ್ರಕಟಿಸಿದರು. ಹಳ್ಳಿಯ ಶಾನುಭೋಗನ ಕಡತದಿಂದ ಹುಜೂರಿನ ಖಜಾನೆಯವರೆಗೆ ಒಂದು ರೂಪಾಯಿ ಹೇಗೆ ಸಂಚರಿಸುತ್ತದೆ, ದಾರಿಯಲ್ಲಿ ಎಲ್ಲಿ ಸವೆಯುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡು ಅರಿತಿದ್ದರು. ಮುಂದಿನ ಅವರ ಕಾರ್ಯಗಳಿಗೆಲ್ಲ ಈ ಅರಿವೇ ತಳಹದಿ.

1868ರ ಮಾರ್ಚಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದರು. ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರು ಐದು ವರ್ಷದ ಬಾಲಕರು. ಅರಮನೆಯಲ್ಲಿ ಸಾಲಗಳು ಬೆಳೆದಿದ್ದವು. ಒಡವೆ ವಸ್ತುಗಳಿಗೆ, ಲಾಯಗಳಿಗೆ, ಸಂಬಳದವರಿಗೆ ಸರಿಯಾದ ಪಟ್ಟಿಯಿರಲಿಲ್ಲ. ಈ ಜಟಿಲವನ್ನು ಬಿಡಿಸಲು ದಕ್ಷರೊಬ್ಬರು ಬೇಕಾಗಿದ್ದಾಗ ರಂಗಾಚಾರ್ಲು ಅವರನ್ನು ಮೈಸೂರಿಗೆ ಕರೆಸಿಕೊಳ್ಳಲಾಯಿತು. ಅರಮನೆಯ ಕಂಟ್ರೋಲರಾಗಿ ಅವರು ಪ್ರತಿಯೊಂದು ಬಾಬ್ತನ್ನೂ ಲೆಕ್ಕಕ್ಕೆ ತಂದು, ಅನಾವಶ್ಯಕ ವೆಚ್ಚವನ್ನು ಕತ್ತರಿಸಿ, ಮನೆಯನ್ನು ವ್ಯವಸ್ಥೆಗೆ ತಂದರು. ಇಂಥ ಕೆಲಸದಿಂದ ಮಿತ್ರರು ಹೆಚ್ಚುವುದಿಲ್ಲ. ಪರಸ್ಥಳದವರೆಂಬ ಅಸಮಾಧಾನವೂ ಅವರನ್ನು ಬೆನ್ನಟ್ಟಿತು. ಮದರಾಸಿನಿಂದ ಬಂದವರು ದೊಡ್ಡ ಹುದ್ದೆಗಳನ್ನು ತುಂಬಿಕೊಳ್ಳುತ್ತಿದ್ದಾರೆಂಬ ದೂರು ಮೈಸೂರಿನಲ್ಲಿ ಬಹುಕಾಲ ಜೀವಂತವಾಗಿದ್ದದ್ದು ಇತಿಹಾಸವೇ ಸರಿ. ಅದರಲ್ಲಿ ನ್ಯಾಯವಿರಲಿಲ್ಲವೆಂದೂ ಹೇಳಲಾಗದು. ಆದರೆ ಹೊರಗಿನಿಂದ ಬಂದ ಈ ಮನುಷ್ಯರು ಮೈಸೂರನ್ನು ತಮ್ಮದೆಂದೇ ತಿಳಿದರು. ಇಂಗ್ಲಿಷರ ಆಡಳಿತದ ದುಂದುವೆಚ್ಚವನ್ನು ಟೀಕಿಸುವ ಒಂದು ಪುಸ್ತಿಕೆ 1874ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಇವರೇ ಎಂದು ಪ್ರತೀತಿ.

ಅಷ್ಟರಲ್ಲಿ ಬಂದಿತು ಧಾತು-ಈಶ್ವರ ಸಂವತ್ಸರಗಳ ಘೋರ ಕ್ಷಾಮ. 1876ರಿಂದ 1878ರವರೆಗೆ ಮಳೆ ಹೋಗಿ, ಕೆರೆಗಳು ಬತ್ತಿ, ದನಕರುಗಳು ಅಳಿದು, ಜನ ಗುಂಪುಗುಂಪಾಗಿ ಊರು ಬಿಟ್ಟರು. ಹಿರಿಯರ ಬಾಯಿಂದ ನಾವು ಬಾಲ್ಯದಲ್ಲಿ ಕೇಳಿದ ಬರದ ಕಥೆಗಳೆಲ್ಲ ಆ ಎರಡು ಹೆಸರುಗಳಿಂದಲೇ ಪ್ರಾರಂಭವಾಗುತ್ತಿದ್ದವು. 1871ರ ಜನಗಣತಿಯಲ್ಲಿ ಮೈಸೂರು ಪ್ರಾಂತದ ಜನಸಂಖ್ಯೆ 50,55,412. ಹತ್ತು ವರ್ಷಗಳ ಮೇಲೆ 1881ರಲ್ಲಿ ಎಣಿಸಿದಾಗ ಉಳಿದವರು 41,86,188. ಬೆಳೆಯಬೇಕಾಗಿದ್ದ ಜನಸಂಖ್ಯೆಯಲ್ಲಿ 8 ಲಕ್ಷ 69 ಸಾವಿರಕ್ಕೂ ಮೇಲ್ಪಟ್ಟು ಇಳಿಮುಖವಾಗಿತ್ತು. ತುಂಬಿದ್ದ ಖಜಾನೆ ಬರಿದಾಯಿತಲ್ಲದೆ 80 ಲಕ್ಷ ರೂಪಾಯಿಗಳ ಸಾಲ ರಾಜ್ಯದ ತಲೆಯ ಮೇಲೆ ಕುಳಿತಿತು.

ಹೀಗೆ ಬೆಂದ ನಾಡನ್ನೇ 1881ನೆಯ ಇಸವಿ ಮಾರ್ಚಿ 25ರಂದು ಇಂಗ್ಲಿಷರು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಂಗಾಚಾರ್ಲು ಅವರು ದಿವಾನರಾಗಿ ನಿಯುಕ್ತರಾದರು. ಹಿಂದಿರುಗಿಸಿದ ಪತ್ರದಲ್ಲಿ ಷರತ್ತುಗಳ ಸರಮಾಲೆಯೇ ಇತ್ತು. ವರ್ಷಂಪ್ರತಿ ಕೊಡಬೇಕಾದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಲು ನಿರ್ಧರಿಸಿದ್ದರು. ಕ್ಷಾಮದ ಕಾರಣದಿಂದ ಆ ಹೆಚ್ಚಳವನ್ನು ಐದು ವರ್ಷ ಮುಂದಕ್ಕೆ ಹಾಕಿದ್ದೊಂದೇ ಸಮಾಧಾನ. ಪ್ರಮುಖ ಕಾನೂನುಗಳನ್ನು ಬದಲಾಯಿಸಬೇಕಾದರೆ ಗವರ್ನರ್ ಜನರಲರ ಅಪ್ಪಣೆ ಬೇಕಾಗಿತ್ತು. ಖಜಾನೆಯಲ್ಲಿ ಹಣವಿಲ್ಲ, ಹೊಲದಲ್ಲಿ ಜನವಿಲ್ಲ, ಕೈಯಲ್ಲಿ ಪೂರ್ಣಾಧಿಕಾರವಿಲ್ಲ. ಇಂಥ ಸಮಯದಲ್ಲಿ ಬೇರೊಬ್ಬರಾಗಿದ್ದರೆ ಪ್ರಜೆಗಳ ಕಣ್ಣು ತಪ್ಪಿಸಿ ಕಾಲ ನೂಕುತ್ತಿದ್ದರೇನೋ. ರಂಗಾಚಾರ್ಲು ಅವರು ಪ್ರಜೆಗಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಮನೆಯ ಸ್ಥಿತಿಯನ್ನು ಬಿಚ್ಚಿ ಹೇಳುವ ನಿಶ್ಚಯ ಮಾಡಿದರು. ಅವರ ಹಿರಿಮೆ ಇರುವುದು ಇಲ್ಲಿ. ಹಣವಿದ್ದಾಗ ಲೆಕ್ಕ ತೋರಿಸುವುದು ಸುಲಭ. ಸಾಲವಿದ್ದಾಗ ತೋರಿಸುವುದಕ್ಕೆ ಧೈರ್ಯ ಬೇಕು.

1881ರ ಆಗಸ್ಟ್ 25ರಂದು ಮಹಾರಾಜರ ಅನುಮತಿಯೊಡನೆ ಪ್ರಜಾಪ್ರತಿನಿಧಿ ಸಭೆಯ ಆಜ್ಞೆ ಹೊರಟಿತು. ಅದರ ಏರ್ಪಾಡು ಸರಳವಾದದ್ದು. ರಸ್ತೆ, ಶಾಲೆ, ಆಸ್ಪತ್ರೆಗಳಿಗಾಗಿ ಸ್ಥಳೀಯ ನಿಧಿಯನ್ನು ನೋಡಿಕೊಳ್ಳುವ ಲೋಕಲ್ ಫಂಡ್ ಬೋರ್ಡುಗಳು ಜಿಲ್ಲೆಗಳಲ್ಲಿ ಆಗಲೇ ಇದ್ದವು. ಪ್ರತಿ ತಾಲ್ಲೂಕಿನಿಂದಲೂ ಲೋಕಜ್ಞಾನವೂ ಜನರಲ್ಲಿ ಮನ್ನಣೆಯೂ ಉಳ್ಳ ಒಬ್ಬಿಬ್ಬರು ಸಾಗುವಳಿದಾರರನ್ನೂ, ಪ್ರತಿ ಜಿಲ್ಲೆಯಿಂದಲೂ ಮೂವರು ನಾಲ್ವರು ಪ್ರಮುಖ ವರ್ತಕರನ್ನೂ ಈ ಬೋರ್ಡುಗಳು ಆರಿಸಿ ಕಳುಹಿಸಬೇಕು. ದಸರ ಮಹೋತ್ಸವಕ್ಕೆ ನಾಡಿನ ಜನ ಹೇಗೂ ಮೈಸೂರಿಗೆ ಬರುತ್ತಾರೆ. ಉತ್ಸವ ಮುಗಿದೊಡನೆ ಸಭೆ ಸೇರಬೇಕು. ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಉದ್ದೇಶಗಳನ್ನೂ ದಿವಾನರು ಅಲ್ಲಿ ತಿಳಿಸಬೇಕು. ಬಂದವರು ತಮ್ಮ ಕಡೆಯ ಅಹವಾಲುಗಳನ್ನು ಹೇಳಬೇಕು. ಇಲ್ಲಿ ನಾವು ಗಮನಿಸತಕ್ಕ ಅಂಶವೊಂದುಂಟು. ರಂಗಾಚಾರ್ಲು ಅವರು ತಾಲ್ಲೂಕನ್ನೇ ಪ್ರಾತಿನಿಧ್ಯದ ಮೂಲಘಟಕವನ್ನಾಗಿ ಮಾಡಿದರು. ರೈತನಿಗೆ ಸರ್ಕಾರವೆಂದರೆ ತಾಲ್ಲೂಕಿನ ಕಚೇರಿ, ಅಲ್ಲಿನ ಅಮಲ್ದಾರ. ಕಂದಾಯವು ಯಾವ ಮೆಟ್ಟಿಲನ್ನೇರಿ ಹೋಗುತ್ತಿತ್ತೋ ಅದೇ ಮೆಟ್ಟಿಲಿನಿಂದ ರೈತನ ಮಾತೂ ಮೇಲೇರುವಂತೆ ಅವರು ಮಾಡಿದರು.

ವೃಷ ಸಂವತ್ಸರದ ನವರಾತ್ರಿ ಕಳೆದು, 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲನೆಯ ಸಭೆ ಸೇರಿತು. ಬಂದವರು 144 ಮಂದಿ. ಆಗಿನ ಜನಸಂಖ್ಯೆಯ ಲೆಕ್ಕದಲ್ಲಿ ಸುಮಾರು 29 ಸಾವಿರ ಜನಕ್ಕೆ ಒಬ್ಬ ಪ್ರತಿನಿಧಿಯಾಯಿತು. ಅಮಲ್ದಾರನ ಎದುರಿಗೆ ನಿಂತೇ ಮಾತನಾಡುವ ಅಭ್ಯಾಸವಿದ್ದ ಒಕ್ಕಲಿಗ ರಾಜ್ಯದ ದಿವಾನರ ಎದುರಿಗೆ ಕುಳಿತು, ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು, ಸಾಲವೆಷ್ಟು ಎಂಬುದನ್ನು ದಿವಾನರ ಬಾಯಿಂದಲೇ ಕೇಳಿದ. ಐವತ್ತು ವರ್ಷಗಳ ಹಿಂದೆ ನಗರದ ರೈತರ ಕೂಟ ಯಾವ ಮಾತನ್ನು ಹೇಳಲು ಹೋಗಿ ಸೈನ್ಯವನ್ನು ಎದುರಿಸಬೇಕಾಯಿತೋ, ಅಂಥ ಮಾತನ್ನೇ ಹೇಳಲು ಅವರ ಮೊಮ್ಮಕ್ಕಳ ಕಾಲದವರಿಗೆ ಸರ್ಕಾರವೇ ಆಹ್ವಾನವಿತ್ತಿತು. ಭರತಖಂಡದ ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲನೆಯದು. ಕಾಂಗ್ರೆಸ್ ಮಹಾಸಭೆ ಹುಟ್ಟಲು ಇನ್ನೂ ನಾಲ್ಕು ವರ್ಷಗಳಿದ್ದವು.

ಆದರೂ ಚರಿತ್ರೆಯನ್ನು ಬರೆಯುವವರು ಸ್ತುತಿಪಾಠಕರಾಗಬಾರದು. ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯಕ್ಕೆ ಮತ ಕೊಡುವ ಹಕ್ಕಿರಲಿಲ್ಲ. ಹೇಳಿದ್ದನ್ನು ಸರ್ಕಾರ ನಡೆಸಲೇಬೇಕೆಂಬ ನಿಯಮವಿರಲಿಲ್ಲ. ಸದಸ್ಯರನ್ನು ಜನ ಆರಿಸಿರಲಿಲ್ಲ. ಅಧಿಕಾರಿಗಳ ಪ್ರಭಾವಕ್ಕೆ ಒಳಪಟ್ಟ ಬೋರ್ಡುಗಳು ಆರಿಸಿದ್ದವು. ಜಮೀನಿದ್ದವನಿಗೆ ಜಾಗವಿತ್ತು, ಅಂಗಡಿಯಿದ್ದವನಿಗೆ ಜಾಗವಿತ್ತು. ಆ ಜಮೀನನ್ನು ಉಳುವ ಕೂಲಿಯವನಿಗೆ, ಮಗ್ಗದ ಮುಂದೆ ಕುಳಿತವನಿಗೆ, ಊರ ಹೊರಗಿನ ಕೇರಿಯವನಿಗೆ ಜಾಗವಿರಲಿಲ್ಲ. ಕ್ಷಾಮದಲ್ಲಿ ಮೊದಲು ಮಡಿದವರು ಇಂಥವರೇ ಎಂಬುದನ್ನು ನೆನೆದಾಗ ಈ ಕೊರತೆ ಸಣ್ಣದೆನಿಸುವುದಿಲ್ಲ. ಸ್ತ್ರೀಯರ ಮಾತನ್ನಂತೂ ಯಾರೂ ಎತ್ತಲಿಲ್ಲ. ರಂಗಾಚಾರ್ಲು ಅವರು ಕಟ್ಟಿದ್ದು ಮನೆಯಲ್ಲ, ಬಾಗಿಲು. ಅದೂ ಅರ್ಧ ತೆರೆದ ಬಾಗಿಲು. ಆದರೆ ಒಮ್ಮೆ ತೆರೆದ ಅದನ್ನು ಮುಚ್ಚುವುದು ಮುಂದೆ ಯಾವ ದಿವಾನರಿಗೂ ಸಾಧ್ಯವಾಗಲಿಲ್ಲ.

ದಿವಾನಗಿರಿಯಲ್ಲಿ ಅವರು ಕೈಗೊಂಡ ಮಿತವ್ಯಯವು ಎಲ್ಲರಿಗೂ ಹಿತವಾಗಿರಲಿಲ್ಲ. ಆಡಳಿತದ ಖರ್ಚನ್ನು ತಗ್ಗಿಸಲು ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನ, ಚಿತ್ರದುರ್ಗಗಳು ಜಿಲ್ಲೆಯ ಪದವಿಯನ್ನು ಕಳೆದುಕೊಂಡು ಉಪವಿಭಾಗಗಳಾದವು. ಕಾಗದದ ಮೇಲೆ ಇದು ಉಳಿತಾಯ. ಆದರೆ ಡೆಪ್ಯುಟಿ ಕಮಿಷನರ ಕಚೇರಿ ದೂರವಾದರೆ ನ್ಯಾಯವೂ ದೂರವಾದಂತೆಯೇ ಎಂಬುದನ್ನು ಬಲ್ಲವರೇ ಬಲ್ಲರು. 1886ರಲ್ಲಿ ಈ ಎರಡು ಜಿಲ್ಲೆಗಳನ್ನೂ ಮತ್ತೆ ಸ್ಥಾಪಿಸಬೇಕಾಯಿತು. ಗಡಿಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಕೇವಲ ಲೆಕ್ಕದ ಪ್ರಶ್ನೆಯಲ್ಲ, ಅದು ಜನರ ಬದುಕಿನ ಪ್ರಶ್ನೆ ಎಂಬ ಪಾಠವನ್ನು ರಾಜ್ಯವು ಹೀಗೆ ಕಲಿಯಿತು. ಇತ್ತ ಬೆಂಗಳೂರಿನಿಂದ ಮೈಸೂರಿಗೆ ರೈಲುಮಾರ್ಗವು 1882ರಲ್ಲಿ ಸಿದ್ಧವಾಯಿತು. ದವಸವನ್ನು ಒಂದೂರಿನಿಂದ ಇನ್ನೊಂದೂರಿಗೆ ಬೇಗ ಸಾಗಿಸುವ ದಾರಿಯಿದ್ದರೆ ಬರವು ಮೃತ್ಯುವಾಗುವುದಿಲ್ಲವೆಂಬುದು ಕ್ಷಾಮವು ಕಲಿಸಿದ ಪಾಠ. ಮಳೆಯನ್ನೇ ನಂಬಿದ ಬೇಸಾಯದ ಜೊತೆಗೆ ಕೈಗಾರಿಕೆಗಳೂ ಬೆಳೆಯದ ಹೊರತು ನಾಡಿಗೆ ಏಳಿಗೆಯಿಲ್ಲವೆಂಬ ತಮ್ಮ ಅಭಿಪ್ರಾಯವನ್ನು ದಿವಾನರು ಪ್ರತಿನಿಧಿಗಳಿಗೆ ಮನಗಾಣಿಸಲು ಯತ್ನಿಸಿದರು.

1882ರ ದಸರೆಯಲ್ಲಿ ಸೇರಿದ ಎರಡನೆಯ ಸಭೆಯೇ ಅವರ ಕಡೆಯ ಸಭೆಯಾಯಿತು. ಆರೋಗ್ಯ ಕೆಟ್ಟು ಮದರಾಸಿನಲ್ಲಿದ್ದಾಗ 1883ರ ಜನವರಿ 20ರಂದು ಅವರು ಕಾಲವಾದರು. ಆಗ ಅವರಿಗೆ ಐವತ್ತೆರಡು ತುಂಬಿರಲಿಲ್ಲ; ದಿವಾನರಾಗಿ ಎರಡು ವರ್ಷವೂ ಪೂರ್ತಿಯಾಗಿರಲಿಲ್ಲ. ಮೈಸೂರಿನ ಪುರಭವನಕ್ಕೆ ಅವರ ಹೆಸರನ್ನೇ ಇಟ್ಟು ಜನ ತಮ್ಮ ಕೃತಜ್ಞತೆಯನ್ನು ತೋರಿದರು. ಪರಸ್ಥಳದವರೆಂದು ಗೊಣಗಿದ್ದ ನಾಡೇ ಅವರನ್ನು ತನ್ನವರೆಂದು ಒಪ್ಪಿಕೊಂಡಿತು.

ಬಿತ್ತಿದವರು ಹೋದರೂ ಬೀಜ ಮೊಳೆಯದೆ ಇರಲಿಲ್ಲ. ಅವರ ತರುವಾಯ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1887ರಲ್ಲಿ, ಇಂತಿಷ್ಟು ಕಂದಾಯ ಅಥವಾ ಮೊಹತರ್ಫಾ ತೆರಿಗೆ ಕೊಡುವವರಿಗೆ ಸಭೆಯ ಅರ್ಹತೆಯೆಂದು ಗೊತ್ತಾಯಿತು. ಪದವೀಧರರಿಗೂ ಸ್ಥಾನ ದೊರೆಯಿತು. 1891ರ ಹೊತ್ತಿಗೆ ಅರ್ಹರಾದವರು ತಮ್ಮೊಳಗೆ ಮತ ಹಾಕಿ ಪ್ರತಿನಿಧಿಗಳನ್ನು ಆರಿಸುವ ಕ್ರಮ ಬಂದಿತು. 1907ರಲ್ಲಿ ಕಾನೂನುಗಳನ್ನು ಚರ್ಚಿಸಲು ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಮನೆ ಸ್ಥಾಪಿತವಾಯಿತು. ಬ್ರಾಹ್ಮಣೇತರರಾದ ನಮ್ಮ ಜನ ತಮಗೂ ನ್ಯಾಯವಾದ ಪಾಲು ಬೇಕೆಂದು 1917ರಲ್ಲಿ ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿದರು. ಮರುವರ್ಷವೇ ಮಿಲ್ಲರ್ ಸಮಿತಿ ನೇಮಕವಾಯಿತು. ವಿದ್ಯೆಯಿಲ್ಲದಿದ್ದರೆ ಸಭೆಯಲ್ಲಿ ಕುರ್ಚಿಯಿದ್ದೂ ಪ್ರಯೋಜನವಿಲ್ಲವೆಂಬುದನ್ನು ಮನಗಂಡು ಮಠಗಳೂ ದಾನಿಗಳೂ ವಿದ್ಯಾರ್ಥಿನಿಲಯಗಳನ್ನು ತೆರೆಯಲು ಮುಂದಾದ ಕಾಲವೂ ಅದೇ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಅಲ್ಲಿಯವರೆಗೆ ಸರ್ಕಾರದ ಅನುಗ್ರಹದಿಂದ ನಡೆಯುತ್ತಿದ್ದ ಸಭೆ ಅಂದಿನಿಂದ ಹಕ್ಕಿನಿಂದ ನಡೆಯತೊಡಗಿತು. ಸದಸ್ಯರ ಸಂಖ್ಯೆ 250 ಆಯಿತು. ಮತದಾರರಿಗೆ ಬೇಕಾದ ತೆರಿಗೆಯ ಮಿತಿ ಇಳಿಯಿತು. ಸ್ತ್ರೀಯರೆಂಬ ಕಾರಣದ ಅನರ್ಹತೆ ತೊಲಗಿತು. ಹೊಸ ತೆರಿಗೆಗಳ ವಿಷಯದಲ್ಲಿಯೂ ಕಾನೂನುಗಳ ಮೂಲತತ್ತ್ವದ ವಿಷಯದಲ್ಲಿಯೂ ಸಭೆಯ ಅಭಿಪ್ರಾಯವನ್ನು ಪಡೆಯಬೇಕೆಂಬ ನಿಯಮ ಬಂದಿತು. ನ್ಯಾಯವಿಧಾಯಕ ಸಭೆಯ ಸಂಖ್ಯೆ 50 ಆಯಿತು. 1940ರ ಸುಧಾರಣೆಯಲ್ಲಿ ಈ ಸಂಖ್ಯೆಗಳು ಕ್ರಮವಾಗಿ 310, 68 ಆದವು. ಆದರೂ ಸರ್ಕಾರವು ಸಭೆಗೆ ಬಾಧ್ಯವಾಗಿರಲಿಲ್ಲ. ಆ ಬಾಧ್ಯತೆಗಾಗಿ ಜನ ಸಭಾಭವನದ ಹೊರಗೆ ಹೋರಾಡಬೇಕಾಯಿತು. 1938ರ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ವರ್ಷ ವಿದುರಾಶ್ವತ್ಥದಲ್ಲಿ ಹರಿದ ನೆತ್ತರು, 1947ರ ಮೈಸೂರು ಚಲೋ ಚಳವಳಿ ಇವುಗಳ ಫಲವಾಗಿ ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದ ಜವಾಬ್ದಾರಿ ಸರ್ಕಾರ ಅಸ್ತಿತ್ವಕ್ಕೆ ಬಂದಿತು. 1949ರ ಡಿಸೆಂಬರಿನಲ್ಲಿ ಹಳೆಯ ಸಭೆಗಳು ವಿಸರ್ಜಿತವಾದವು. ಅರುವತ್ತೆಂಟು ವರ್ಷ ಬಾಳಿ, ತನಗಿಂತ ದೊಡ್ಡದೊಂದಕ್ಕೆ ಎಡೆಮಾಡಿಕೊಟ್ಟು ರಂಗಾಚಾರ್ಲು ಅವರ ಸಭೆ ಕಣ್ಮರೆಯಾಯಿತು.

1952ರಲ್ಲಿ ವಯಸ್ಕರೆಲ್ಲರ ಮತದಿಂದ ರಚಿತವಾದ ಮೈಸೂರು ವಿಧಾನಸಭೆಯಲ್ಲಿ 80 ಕ್ಷೇತ್ರಗಳಿಂದ 99 ಮಂದಿ ಆರಿಸಿ ಬಂದರು; ಕೆಲವು ಕ್ಷೇತ್ರಗಳಿಗೆ ಇಬ್ಬಿಬ್ಬರು ಸದಸ್ಯರಿದ್ದರು. ಕನ್ನಡನಾಡು ಒಂದುಗೂಡಿದ ಮೇಲೆ 1957ರ ಚುನಾವಣೆಯಲ್ಲಿ ಸ್ಥಾನಗಳು 208 ಆದವು, 1967ರಲ್ಲಿ 216, 1978ರಲ್ಲಿ 224. ಕೂಲಿಯವನಿಗೂ ಕೇರಿಯವನಿಗೂ ಗೃಹಿಣಿಗೂ ಜಮೀನ್ದಾರನಿಗೂ ಒಂದೊಂದೇ ಮತ. 1881ರಲ್ಲಿ ಅರ್ಧ ತೆರೆದಿದ್ದ ಬಾಗಿಲು ಹೀಗೆ ಪೂರ್ತಿ ತೆರೆಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರ ಅನುಭವ ಮಂಟಪವನ್ನು ಇಂದಿನ ಶಾಸನಸಭೆಗೆ ಹೋಲಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಮಂಟಪವು ಕಾನೂನು ಮಾಡುವ ಸಭೆಯಾಗಿರಲಿಲ್ಲ, ಆತ್ಮಸಾಧನೆಯ ಗೋಷ್ಠಿಯಾಗಿತ್ತು. ಆದರೆ ಯಾವ ಕಾಯಕದವನೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಅಲ್ಲಿ ಮಾತನಾಡಬಹುದಾಗಿತ್ತು. ಆ ದೃಷ್ಟಿಯಿಂದ ನೋಡಿದರೆ ರಂಗಾಚಾರ್ಲು ಅವರ ಸಭೆ ಮಂಟಪಕ್ಕಿಂತ ಎಷ್ಟೋ ಇಕ್ಕಟ್ಟಾದದ್ದು. ಇನ್ನೊಂದು ದೃಷ್ಟಿಯಿಂದ ಅದು ಕೊರತೆಯೊಂದನ್ನು ತುಂಬಿತು. ಮಂಟಪದ ಮಾತು ಕಲ್ಯಾಣದ ಕ್ರಾಂತಿಯಲ್ಲಿ ಚದುರಿಹೋಯಿತು. ಅದನ್ನು ಕಾಪಾಡುವ ವ್ಯವಸ್ಥೆ ರಾಜ್ಯದಲ್ಲಿರಲಿಲ್ಲ. ಪ್ರತಿ ವರ್ಷವೂ ತಪ್ಪದೆ ಸೇರುವ, ಪ್ರತಿ ತಾಲ್ಲೂಕಿನವರೂ ಬರುವ, ಸರ್ಕಾರವು ಲೆಕ್ಕ ಹೇಳಲೇಬೇಕಾದ ಒಂದು ಕಟ್ಟಳೆಯನ್ನು ರಂಗಾಚಾರ್ಲು ಅವರು ಮಾಡಿಟ್ಟರು. ಆದರ್ಶ ದೊಡ್ಡದಾದರೂ ಕಟ್ಟಳೆಯಿಲ್ಲದೆ ನಿಲ್ಲದು. ಕಟ್ಟಳೆ ಚಿಕ್ಕದಾದರೂ ಆದರ್ಶವಿದ್ದರೆ ಬೆಳೆಯುತ್ತದೆ.

ಈ ಶಾಲೆಯಲ್ಲಿ ಓದಿದ ಹಲವರು ಪಂಚಾಯಿತಿಗಳಲ್ಲಿ, ಪುರಸಭೆಗಳಲ್ಲಿ, ಸಹಕಾರ ಸಂಘಗಳಲ್ಲಿ ಜನರ ಪ್ರತಿನಿಧಿಗಳಾಗಿ ಕುಳಿತಿದ್ದಾರೆ, ಮುಂದೆಯೂ ಕೂರುವರು. ಅವರಿಗೆ ರಂಗಾಚಾರ್ಲು ಅವರ ಬಾಳು ಕಲಿಸುವ ಪಾಠ ಒಂದೇ. ಕೈಯಲ್ಲಿ ಹಣವಿರಲಿ, ಸಾಲವಿರಲಿ, ಕರೆದು ಲೆಕ್ಕ ಹೇಳಬೇಕು. ಎದುರಿಗೆ ಕುಳಿತವನ ಮಾತನ್ನು ಕೇಳಬೇಕು. ಇನ್ನೂ ಬಾಗಿಲಾಚೆ ನಿಂತವನು ಯಾರೆಂದು ನೋಡಬೇಕು. ಇಷ್ಟನ್ನು ಅಧ್ಯಾಪಕರು ತರಗತಿಯಲ್ಲಿ ಮಕ್ಕಳ ಮನಸ್ಸಿಗೆ ಹತ್ತಿಸಿದರೆ, ಇತಿಹಾಸದ ಪುಸ್ತಕದಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವ ಈ ಮಹನೀಯರಿಗೆ ನಾವು ಸಲ್ಲಿಸಬೇಕಾದ ಋಣ ಸ್ವಲ್ಪಮಟ್ಟಿಗಾದರೂ ಸಂದೀತು.